ಸಬ್ಸಿಡಿ ಬಂದರೂ ಎಲೆಕ್ಟ್ರಿಕ್ ಲಾರಿ ಯಾಕೆ ಹೆದ್ದಾರಿಗೆ ಬರುತ್ತಿಲ್ಲ? ಒಂದು ಟ್ರಿಪ್‌ನ ಲೆಕ್ಕ

2025ರ ಜುಲೈ 11ರಂದು ಕೇಂದ್ರದ ಬೃಹತ್ ಕೈಗಾರಿಕೆ ಮತ್ತು ಉಕ್ಕು ಸಚಿವ ಎಚ್.ಡಿ. ಕುಮಾರಸ್ವಾಮಿ ಎಲೆಕ್ಟ್ರಿಕ್ ಟ್ರಕ್‌ಗಳಿಗೆ ಪ್ರೋತ್ಸಾಹಧನ ಘೋಷಿಸಿದರು. ಒಂದು ಟ್ರಕ್ಕಿಗೆ ಗರಿಷ್ಠ 9.6 ಲಕ್ಷ ರೂಪಾಯಿ. ಎಲೆಕ್ಟ್ರಿಕ್ ವಾಹನಗಳನ್ನು ಉತ್ತೇಜಿಸುವ ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯ 10,900 ಕೋಟಿಯಲ್ಲಿ 500 ಕೋಟಿ ಇದಕ್ಕೆ ಮೀಸಲು, ಗುರಿ ಸುಮಾರು 5,600 ಟ್ರಕ್. ಇದಾಗಿ ಎರಡೂವರೆ ತಿಂಗಳು ಕಳೆಯುವಷ್ಟರಲ್ಲಿ, ಸೆಪ್ಟೆಂಬರ್ 22ರಿಂದ, ಸರಕು ಸಾಗಿಸುವ ಡೀಸೆಲ್ ಲಾರಿಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಎಲೆಕ್ಟ್ರಿಕ್ ವಾಹನದ ಶೇ 5 ಹಾಗೇ ಉಳಿಯಿತು. 40 ಲಕ್ಷದ ಡೀಸೆಲ್ ಲಾರಿಯ ಮೇಲೆ ಶೇ 10 ಎಂದರೆ 4 ಲಕ್ಷ. ಸರ್ಕಾರದ ಬಲಗೈ ಎಲೆಕ್ಟ್ರಿಕ್ ಟ್ರಕ್ಕಿಗೆ ಕೊಟ್ಟಿದ್ದರಲ್ಲಿ ಹತ್ತಿರ ಹತ್ತಿರ ಅರ್ಧವನ್ನು ಎಡಗೈ ಡೀಸೆಲ್ ಲಾರಿಗೂ ಹಂಚಿದಂತಾಯಿತು.

ಹೊರದೇಶದ ಸುದ್ದಿಯೂ ಹೀಗೇ ಎರಡು ದಿಕ್ಕಿಗೆ ಎಳೆಯುತ್ತದೆ. ಅಮೆರಿಕದಲ್ಲಿ ಬ್ಯಾಟರಿ ಮತ್ತು ಹೈಡ್ರೋಜನ್ ಟ್ರಕ್ ಮಾಡುತ್ತೇನೆಂದು ಹೊರಟ ನಿಕೋಲಾ ಕಂಪನಿ 2025ರ ಫೆಬ್ರುವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಆದರೆ ಚೀನಾದಲ್ಲಿ ಭಾರಿ ಎಲೆಕ್ಟ್ರಿಕ್ ಟ್ರಕ್‌ಗಳ ಮಾರಾಟ ವರ್ಷದಿಂದ ವರ್ಷಕ್ಕೆ ಜಿಗಿಯುತ್ತಿದೆ. ಹಾಗಾದರೆ ಇದು ಆಗುವ ಕೆಲಸವೋ ಅಲ್ಲವೋ?

ಸುದ್ದಿಗಳೆಲ್ಲ ಟ್ರಕ್ಕಿನ ಬಗ್ಗೆ ಮಾತಾಡುತ್ತವೆ, ಟ್ರಿಪ್‌ನ ಬಗ್ಗೆ ಮಾತಾಡುವುದು ಕಡಿಮೆ. ಲಾರಿ ಬುಕಿಂಗ್ ಆಫೀಸಿಗೆ ಹೋಗಿ ಬಾಡಿಗೆ ಎಷ್ಟು ಎಂದು ಕೇಳಿದರೆ ಅವರು ಮೊದಲು ಮೂರು ಮಾತು ಕೇಳುತ್ತಾರೆ: ಎಲ್ಲಿಂದ ಎಲ್ಲಿಗೆ, ಎಷ್ಟು ಟನ್, ವಾಪಸು ಲೋಡು ಇದೆಯಾ? ಇವು ತಿಳಿಯದೆ ಯಾರೂ ರೇಟು ಹೇಳುವುದಿಲ್ಲ. ಎಲೆಕ್ಟ್ರಿಕ್ ಟ್ರಕ್ಕಿನ ಪ್ರಶ್ನೆಗೂ ಉತ್ತರ ಹುಡುಕಬೇಕಾದದ್ದು ಈ ಮೂರರಲ್ಲೇ.

ಯಾವ ಗಾಡಿಯ ಮಾತು ಇದು?

'ಇ-ಟ್ರಕ್' ಎಂಬ ಒಂದೇ ಪದದೊಳಗೆ ಬೇರೆ ಬೇರೆ ಜಾತಿಯ ಗಾಡಿಗಳು ಸೇರಿಕೊಂಡಿವೆ. ಬೆಂಗಳೂರಿನ ಬೀದಿಗಳಲ್ಲಿ ಹಸಿರು ನಂಬರ್ ಪ್ಲೇಟ್ ಹಾಕಿಕೊಂಡು ದಿನಸಿ, ಪಾರ್ಸೆಲ್, ಗ್ಯಾಸ್ ಸಿಲಿಂಡರ್ ತಲುಪಿಸುವ ಚಿಕ್ಕ ಗೂಡ್ಸ್ ಗಾಡಿಗಳಿವೆ. ಅವುಗಳ ವಿಚಾರದಲ್ಲಿ ವಾದವೇ ಇಲ್ಲ. ದಿನಕ್ಕೆ 80–100 ಕಿಲೋಮೀಟರ್ ಓಟ, ರಾತ್ರಿ ಅದೇ ಗೋಡೌನಿಗೆ ವಾಪಸು, ಅಲ್ಲೇ ಚಾರ್ಜ್. ಮೇಲಾಗಿ ಸಿಗ್ನಲ್‌ನಿಂದ ಸಿಗ್ನಲ್‌ಗೆ ನಿಂತು ಹೊರಡುವ ಓಟದಲ್ಲಿ ಡೀಸೆಲ್ ಎಂಜಿನ್ ಸುಮ್ಮನೆ ಎಣ್ಣೆ ಕುಡಿಯುತ್ತದೆ, ಮೋಟಾರು ನಿಂತಾಗ ಏನನ್ನೂ ಕುಡಿಯುವುದಿಲ್ಲ.

ಕೇಂದ್ರದ ಈ ಟ್ರಕ್ ಪ್ರೋತ್ಸಾಹಧನ ಇರುವುದು ಅದಕ್ಕಿಂತ ದೊಡ್ಡವಕ್ಕೆ. ಒಟ್ಟು ತೂಕ 3.5 ಟನ್‌ನಿಂದ 12 ಟನ್‌ವರೆಗಿನದ್ದು ಒಂದು ವರ್ಗ, 12ರಿಂದ 55 ಟನ್‌ವರೆಗಿನದ್ದು ಇನ್ನೊಂದು. ಮೊದಲ ವರ್ಗದ್ದು ನೆಲಮಂಗಲ, ಹೊಸಕೋಟೆ ಕಡೆಯ ಗೋಡೌನ್‌ಗಳಿಂದ ಊರೊಳಗಿನ ಅಂಗಡಿಗೆ ಮಾಲು ತಲುಪಿಸುವ ಕೆಲಸ. ಇಲ್ಲೂ ಬ್ಯಾಟರಿಗೆ ದೊಡ್ಡ ತೊಡಕಿಲ್ಲ, ಇರುವುದು ಬೆಲೆಯ ತೊಡಕು ಮಾತ್ರ. ನಿಜವಾದ ಜಗಳ ಇರುವುದು ಎರಡನೆಯ ವರ್ಗದಲ್ಲಿ. ಕಲ್ಲಿದ್ದಲು, ಸಿಮೆಂಟ್, ಅದಿರು, ಕಬ್ಬಿಣ, ಕಂಟೇನರ್ ಹೊರುವ ಲಾರಿ–ಟ್ರೈಲರ್‌ಗಳ ಲೋಕ ಅದು. ದೇಶದ ವಾಹನಗಳಲ್ಲಿ ಡೀಸೆಲ್ ಟ್ರಕ್‌ಗಳ ಪಾಲು ಶೇ 3 ಮಾತ್ರ, ಆದರೆ ಸಾರಿಗೆಯಿಂದ ಬರುವ ಹಸಿರುಮನೆ ಅನಿಲದಲ್ಲಿ ಅವುಗಳ ಪಾಲು ಶೇ 42 ಎಂಬ ಲೆಕ್ಕವನ್ನು ಸರ್ಕಾರವೇ ಮುಂದಿಟ್ಟಿದೆ. ಹೀಗಾಗಿ ಈ ವರ್ಗವನ್ನು ಬಿಟ್ಟು ಉಳಿದದ್ದನ್ನು ಮಾಡುತ್ತೇವೆ ಎನ್ನುವಂತೆಯೂ ಇಲ್ಲ.

330 ಕಿಲೋ ಡೀಸೆಲ್, 12 ಟನ್ ಬ್ಯಾಟರಿ

ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 10 ಯೂನಿಟ್ ಶಕ್ತಿ ಇರುತ್ತದೆ. 400 ಲೀಟರ್ ಟ್ಯಾಂಕ್ ತುಂಬಿಸಿದರೆ 4,000 ಯೂನಿಟ್. ಎಂಜಿನ್ ಅದರಲ್ಲಿ ಶೇ 60ರಷ್ಟನ್ನು ಬಿಸಿಯಾಗಿ ಹೊರಗೆ ಬಿಡುತ್ತದೆ, ಚಕ್ರ ತಿರುಗಿಸಲು ಸಿಗುವುದು 1,600 ಯೂನಿಟ್ ಆಸುಪಾಸು. ಮೋಟಾರಿನಲ್ಲಿ ಹಾಳಾಗುವುದು ಕಡಿಮೆ, ಆದ್ದರಿಂದ ಅಷ್ಟೇ ಕೆಲಸಕ್ಕೆ 1,800 ಯೂನಿಟ್ ಬ್ಯಾಟರಿ ಸಾಕು.

ಸಾಕು ಎಂದದ್ದು ಬಾಯಿಮಾತಿಗೆ. ಟ್ರಕ್‌ಗಳಿಗೆ ಹಾಕುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಪ್ಯಾಕ್‌ನಲ್ಲಿ ಒಂದು ಯೂನಿಟ್‌ಗೆ ಸರಿಸುಮಾರು ಆರೂವರೆ ಕಿಲೋ ತೂಕ ಬೀಳುತ್ತದೆ. 1,800 ಯೂನಿಟ್ ಎಂದರೆ ಹೆಚ್ಚುಕಡಿಮೆ 12 ಟನ್. 400 ಲೀಟರ್ ಡೀಸೆಲ್‌ನ ತೂಕ 330 ಕಿಲೋ. ಅದೂ ಓಡುತ್ತಾ ಓಡುತ್ತಾ ಉರಿದು ಕಡಿಮೆಯಾಗುತ್ತದೆ. ಬ್ಯಾಟರಿಯನ್ನು ಖಾಲಿಯಾದ ಮೇಲೂ ಅಷ್ಟೇ ತೂಕಕ್ಕೆ ಹೊರಬೇಕು.

ಹೀಗಾಗಿ ಯಾರೂ 1,800 ಯೂನಿಟ್ ಬ್ಯಾಟರಿ ಹಾಕುವುದಿಲ್ಲ. ನಮ್ಮಲ್ಲಿ ಸಿಗುವ 55 ಟನ್ ದರ್ಜೆಯ ಎಲೆಕ್ಟ್ರಿಕ್ ಟ್ರ್ಯಾಕ್ಟರ್‌ಗಳಲ್ಲಿ (ಹೊಲದ ಟ್ರ್ಯಾಕ್ಟರ್ ಅಲ್ಲ, ಟ್ರೈಲರ್ ಎಳೆಯುವ ಮುಂದಿನ ಗಾಡಿ) ಇರುವುದು 280ರಿಂದ 450 ಯೂನಿಟ್‌ವರೆಗೆ. ತುಂಬಿದ ಲೋಡಿನಲ್ಲಿ ಕಿಲೋಮೀಟರಿಗೆ ಒಂದೂವರೆ ಯೂನಿಟ್ ಹಿಡಿದರೆ 300 ಯೂನಿಟ್‌ಗೆ 200 ಕಿಲೋಮೀಟರ್ ಓಟ. ಬ್ಯಾಟರಿಯನ್ನು ತಳ ಮುಟ್ಟಿಸಬಾರದು ಎಂಬ ಎಚ್ಚರಿಕೆ ಸೇರಿಸಿಕೊಂಡರೆ 160–170.

ಎಂಜಿನ್, ಗೇರ್‌ಬಾಕ್ಸ್, ಟ್ಯಾಂಕ್ ತೆಗೆದ ಮೇಲೂ ಎಲೆಕ್ಟ್ರಿಕ್ ಟ್ರ್ಯಾಕ್ಟರ್ ಡೀಸೆಲ್‌ಗಿಂತ ಭಾರವೇ. ಲಾರಿ, ಟ್ರೈಲರ್, ಮಾಲು ಎಲ್ಲ ಸೇರಿ 55 ಟನ್ ಮೀರಬಾರದು ಎಂದ ಮೇಲೆ ಬ್ಯಾಟರಿಯ ಹೆಚ್ಚುವರಿ ತೂಕ ಕಳೆಯುವುದು ಮಾಲಿನಿಂದಲೇ. ಎರಡು ಟನ್ ಕಳೆಯಿತು ಎಂದುಕೊಳ್ಳಿ, ಅದು 40 ಮೂಟೆ ಸಿಮೆಂಟ್, ಪ್ರತಿ ಟ್ರಿಪ್‌ನಲ್ಲೂ. ಪಾರ್ಸೆಲ್, ಬಿಸ್ಕತ್ತು, ಥರ್ಮೋಕೋಲ್ ತುಂಬುವವರಿಗೆ ಇದರ ಬಿಸಿ ತಟ್ಟುವುದಿಲ್ಲ, ಅವರ ಲಾರಿ ತೂಕ ಮುಟ್ಟುವ ಮೊದಲೇ ಜಾಗ ತುಂಬುತ್ತದೆ. ಟನ್ ಲೆಕ್ಕದಲ್ಲಿ ಬಾಡಿಗೆ ಎಣಿಸುವವರಿಗೆ ತಟ್ಟುತ್ತದೆ. ಯುರೋಪಿನಲ್ಲಿ ಹೊಗೆಯಿಲ್ಲದ ಟ್ರಕ್‌ಗಳಿಗೆ 2 ಟನ್, ಅಮೆರಿಕದಲ್ಲಿ ಸುಮಾರು 900 ಕಿಲೋ ಹೆಚ್ಚುವರಿ ತೂಕಕ್ಕೆ ಅನುಮತಿ ಕೊಟ್ಟಿರುವುದು ಇದೇ ಕಾರಣಕ್ಕೆ.

ಕಾನೂನಿನ ತೂಕ ಬೇರೆ, ರಸ್ತೆಯ ಮೇಲಿನ ತೂಕ ಬೇರೆ ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಗುಟ್ಟು. ಡೀಸೆಲ್ ಲಾರಿಗೆ ಓವರ್‌ಲೋಡ್ ಹಾಕಿದರೆ ಮೈಲೇಜ್ ಬೀಳುತ್ತದೆ, ಟೈರು ಸವೆಯುತ್ತದೆ, ಸಿಕ್ಕಿಬಿದ್ದರೆ ದಂಡ. ಎಲೆಕ್ಟ್ರಿಕ್ ಲಾರಿಗೆ ಓವರ್‌ಲೋಡ್ ಹಾಕಿದರೆ ಊರು ಮುಟ್ಟುವುದೇ ಅನುಮಾನ. ಓವರ್‌ಲೋಡ್ ಮೇಲೆಯೇ ಲಾಭ ಕಂಡುಕೊಂಡಿರುವ ಮಾರ್ಗಗಳಿಗೆ ಈ ಲಾರಿ ಸುಲಭಕ್ಕೆ ಬರುವುದಿಲ್ಲ.

ಶಿರಾಡಿ ಘಾಟಿಯಲ್ಲಿ ನೂರು ಯೂನಿಟ್

ಮೇಲಿನ ಲೆಕ್ಕವೆಲ್ಲ ಸಮತಟ್ಟು ರಸ್ತೆಯದ್ದು. ನಮ್ಮ ರಾಜ್ಯದ ಮುಖ್ಯ ಬಂದರು ಇರುವುದು ಘಾಟಿಯ ಕೆಳಗೆ. ನವಮಂಗಳೂರು ಬಂದರಿನಲ್ಲಿ ಇಳಿಯುವ ಕಲ್ಲಿದ್ದಲು, ಗೊಬ್ಬರ, ಅಡುಗೆ ಎಣ್ಣೆಯಲ್ಲಿ ರಸ್ತೆಯ ಮೇಲೆ ಹೋಗುವ ಪಾಲು ಮೇಲಿನ ಜಿಲ್ಲೆಗಳಿಗೆ ಬರಬೇಕಾದರೆ ಘಾಟಿ ಹತ್ತಲೇಬೇಕು. ಅದರಲ್ಲೂ ರಾಷ್ಟ್ರೀಯ ಹೆದ್ದಾರಿ 75ರ ಶಿರಾಡಿ ಘಾಟಿ.

ಮಂಗಳೂರು ಸಮುದ್ರದ ಮಟ್ಟ, ಸಕಲೇಶಪುರ 900 ಮೀಟರಿಗೂ ಎತ್ತರ. 40 ಟನ್ ತೂಗುವ ಲಾರಿಯೊಂದನ್ನು 900 ಮೀಟರ್ ಎತ್ತಲು ಬೇಕಾಗುವ ಶಕ್ತಿ ಶಾಲೆಯ ಭೌತಶಾಸ್ತ್ರದ ಸೂತ್ರದಲ್ಲೇ ಸಿಗುತ್ತದೆ: ಸುಮಾರು 100 ಯೂನಿಟ್. ಮೋಟಾರಿನಲ್ಲಿ ಹಾಳಾಗುವುದು ಸೇರಿ 110. ಇದು ಎತ್ತರಕ್ಕೆ ಮಾತ್ರ ಆದ ಖರ್ಚು. ಮಂಗಳೂರಿನಿಂದ ಸಕಲೇಶಪುರದವರೆಗಿನ ಸುಮಾರು 130 ಕಿಲೋಮೀಟರ್ ಉರುಳಲು, ಗಾಳಿ ಸೀಳಲು ಕಿಲೋಮೀಟರಿಗೆ 1.2 ಯೂನಿಟ್‌ನಂತೆ ಇನ್ನೊಂದು 155. ಒಟ್ಟು 265. ಬಂದರಿನಲ್ಲಿ 300 ಯೂನಿಟ್ ತುಂಬಿಸಿಕೊಂಡು ಹೊರಟ ಲಾರಿ ಸಕಲೇಶಪುರ ತಲುಪುವ ಹೊತ್ತಿಗೆ ಮೀಟರಿನಲ್ಲಿ ಉಳಿಯುವುದು ಶೇ 12. ಬೆಂಗಳೂರು ಅಲ್ಲಿಂದ ಇನ್ನೂ 200 ಕಿಲೋಮೀಟರಿಗೂ ಮೇಲೆ. ಅದಕ್ಕೂ ಮೊದಲು, ಮಳೆಗಾಲದಲ್ಲಿ ಮಾರನಹಳ್ಳಿ ಹತ್ತಿರ ಮಣ್ಣು ಕುಸಿದು ರಸ್ತೆ ಬಂದ್ ಆದರೆ ಬದಲಿ ದಾರಿ ಹಿಡಿಯಲು ಬ್ಯಾಟರಿಯಲ್ಲಿ ಏನು ಉಳಿದಿರುತ್ತದೆ?

ಇಳಿಯುವಾಗ ಶಕ್ತಿ ವಾಪಸು ಬರುತ್ತದಲ್ಲ ಎಂದು ಕೇಳಬಹುದು. ಬರುತ್ತದೆ. ಇಳಿಜಾರಿನಲ್ಲಿ ಮೋಟಾರು ಜನರೇಟರ್ ಆಗಿ ಬ್ಯಾಟರಿ ತುಂಬಿಸುತ್ತದೆ. ಬ್ರೇಕ್ ಕಾದು ಸುಡುವ ವಾಸನೆ ಬರುವ ಘಾಟಿಗಳಲ್ಲಿ ಸುರಕ್ಷತೆಗೂ ಇದು ದೊಡ್ಡ ಅನುಕೂಲ. ಆದರೆ ವಾಪಸು ಬರುವುದು ಇಳಿಯುವ ತೂಕಕ್ಕೆ ತಕ್ಕಂತೆ. 40 ಟನ್ ಹೊತ್ತು ಹತ್ತಿದ ಲಾರಿ 15 ಟನ್ ಖಾಲಿ ಗಾಡಿಯಾಗಿ ಇಳಿದರೆ ಸಿಗುವುದು ಇಪ್ಪತ್ತು–ಇಪ್ಪತ್ತೈದು ಯೂನಿಟ್ ಅಷ್ಟೆ. ವಾಪಸು ಲೋಡು ಇದೆಯಾ ಎಂಬ ಹಳೆಯ ಪ್ರಶ್ನೆ ಇಲ್ಲಿ ಬಾಡಿಗೆಯ ಜೊತೆಗೆ ಬ್ಯಾಟರಿಯನ್ನೂ ತೀರ್ಮಾನಿಸುತ್ತದೆ.

ಇದನ್ನೇ ತಲೆಕೆಳಗು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಸ್ವಿಟ್ಜರ್ಲೆಂಡಿನ ಬೀಲ್ ಊರಿನ ಹತ್ತಿರದ ಕಲ್ಲುಗಣಿ ಸಾಕ್ಷಿ. ಅಲ್ಲೊಂದು ಎಲೆಕ್ಟ್ರಿಕ್ ಡಂಪರ್ ಖಾಲಿಯಾಗಿ ಗುಡ್ಡ ಹತ್ತುತ್ತದೆ, ಮೇಲೆ 65 ಟನ್ ಕಲ್ಲು ತುಂಬಿಕೊಂಡು ಇಳಿಯುತ್ತದೆ. ಇಳಿಯುವಾಗ ತುಂಬುವ ಶಕ್ತಿಯೇ ಮತ್ತೆ ಹತ್ತಲು ಒದಗುವುದರಿಂದ ಹೊರಗಿನಿಂದ ಚಾರ್ಜ್ ಮಾಡುವ ಅಗತ್ಯ ಬಹುಮಟ್ಟಿಗೆ ಬೀಳುವುದಿಲ್ಲ. ಸಂಡೂರಿನ ಅದಿರು ಗಣಿಗಳಲ್ಲಿ ಹಲವು ಇರುವುದು ಗುಡ್ಡದ ಮೇಲೆ, ಅದಿರು ಹೋಗಬೇಕಾದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಇರುವುದು ಬಯಲಲ್ಲಿ, ನಡುವೆ ಕೆಲವೇ ಹತ್ತು ಕಿಲೋಮೀಟರ್. ಒಂದೇ ರಾಜ್ಯದಲ್ಲಿ ಒಂದು ದಾರಿ ಈ ಲಾರಿಗೆ ಹೇಳಿ ಮಾಡಿಸಿದಂತಿದೆ, ಇನ್ನೊಂದು ದಾರಿ ಅದರ ಬೆವರಿಳಿಸುತ್ತದೆ.

ಕಿಲೋಮೀಟರಿಗೆ ಹದಿನೆಂಟು ರೂಪಾಯಿ, ಅಥವಾ ಸೊನ್ನೆ

ಈಗ ದುಡ್ಡಿನ ಮಾತು. ಕರ್ನಾಟಕದಲ್ಲಿ 2025ರ ಏಪ್ರಿಲ್ 1ರಿಂದ ಡೀಸೆಲ್ ಮೇಲಿನ ಮಾರಾಟ ತೆರಿಗೆ ಏರಿ, ಬೆಂಗಳೂರಿನಲ್ಲಿ ಲೀಟರ್ ದರ 91 ರೂಪಾಯಿಗೆ ಬಂತು. ಅದೇ ತಿಂಗಳು ಲಾರಿ ಮಾಲೀಕರು ಮುಷ್ಕರ ಹೂಡಿದಾಗ ಮುಂದಿಟ್ಟ ದೂರುಗಳಲ್ಲಿ ಇದೂ ಒಂದು. ತುಂಬಿದ ಟ್ರೈಲರ್ ಲೀಟರಿಗೆ 3 ಕಿಲೋಮೀಟರ್ ಕೊಟ್ಟರೆ ಕಿಲೋಮೀಟರಿಗೆ 30 ರೂಪಾಯಿ ಡೀಸೆಲ್‌ಗೇ.

ಎಲೆಕ್ಟ್ರಿಕ್ ಲಾರಿ ಕಿಲೋಮೀಟರಿಗೆ ಒಂದೂವರೆ ಯೂನಿಟ್ ತಿನ್ನುತ್ತದೆ. ಸ್ವಂತ ಯಾರ್ಡಿನಲ್ಲಿ, ಸ್ವಂತ ಕನೆಕ್ಷನ್‌ನಲ್ಲಿ, ಯೂನಿಟ್‌ಗೆ 8 ರೂಪಾಯಿ ಬಿದ್ದರೆ ಖರ್ಚು 12 ರೂಪಾಯಿ, ಉಳಿತಾಯ 18. ಅದೇ ಲಾರಿ ಹೆದ್ದಾರಿಯ ಸಾರ್ವಜನಿಕ ಫಾಸ್ಟ್ ಚಾರ್ಜರ್‌ಗೆ ಹೋಗಿ, ಚಾರ್ಜಿಂಗ್ ಸೇವೆಯ ಮೇಲಿನ ಶೇ 18 ಜಿಎಸ್‌ಟಿಯೂ ಸೇರಿ ಯೂನಿಟ್‌ಗೆ 20 ರೂಪಾಯಿ ಕೊಟ್ಟರೆ ಖರ್ಚು 30 ರೂಪಾಯಿ. ಉಳಿತಾಯ ಸೊನ್ನೆ. ಲಾರಿ ಬದಲಾಗಿಲ್ಲ, ರಸ್ತೆ ಬದಲಾಗಿಲ್ಲ, ಕರೆಂಟು ಎಲ್ಲಿಂದ ಸಿಕ್ಕಿತು ಎಂಬುದಷ್ಟೇ ಬದಲಾಗಿದೆ.

ಕೊಳ್ಳುವ ಬೆಲೆಯಲ್ಲಿ ಎಲೆಕ್ಟ್ರಿಕ್ ಟ್ರಕ್ ಡೀಸೆಲ್‌ಗಿಂತ ಎರಡರಿಂದ ಮೂರು ಪಟ್ಟು. ಲೆಕ್ಕ ಸುಲಭವಾಗಲಿ ಎಂದು ಡೀಸೆಲ್ ಟ್ರ್ಯಾಕ್ಟರ್ 50 ಲಕ್ಷ, ಎಲೆಕ್ಟ್ರಿಕ್ 1.2 ಕೋಟಿ ಎಂದಿಟ್ಟುಕೊಳ್ಳೋಣ. ಅಂತರ 70 ಲಕ್ಷ, ಪ್ರೋತ್ಸಾಹಧನ ಕಳೆದರೆ 60 ಲಕ್ಷ. ಆ 60 ಲಕ್ಷಕ್ಕೆ ಶೇ 10ರ ಬಡ್ಡಿ ಎಂದರೆ ಮೊದಲ ವರ್ಷ 6 ಲಕ್ಷ.

ದಿನಕ್ಕೆ 200 ಕಿಲೋಮೀಟರ್, ವರ್ಷಕ್ಕೆ 300 ದಿನ ಓಡಿದರೆ 60,000 ಕಿಲೋಮೀಟರ್. ಯಾರ್ಡ್ ಕರೆಂಟಿನಲ್ಲೇ ಓಡಿದರೂ ಉಳಿಯುವುದು 10.8 ಲಕ್ಷ, ಬಡ್ಡಿ ಹೋಗಿ ಅಸಲಿಗೆ ಸಿಗುವುದು 4.8 ಲಕ್ಷ. ಯೋಜನೆಯ ನಿಯಮದಂತೆ ಬ್ಯಾಟರಿಗೆ ಇರಬೇಕಾದ ವಾರಂಟಿ 5 ವರ್ಷ ಅಥವಾ 5 ಲಕ್ಷ ಕಿಲೋಮೀಟರ್. ಆ ಐದು ವರ್ಷದಲ್ಲಿ ಅಸಲಿನ ಅರ್ಧವೂ ತೀರುವುದಿಲ್ಲ. ದಿನಕ್ಕೆ 400 ಕಿಲೋಮೀಟರ್ ಓಡಿಸಿದರೆ ಚಿತ್ರವೇ ಬೇರೆ: ವರ್ಷದ ಉಳಿತಾಯ 21.6 ಲಕ್ಷ, ಮೂರೂಕಾಲು ವರ್ಷದ ಸುಮಾರಿಗೆ ಅಂತರ ತೀರುತ್ತದೆ, ಎಂಜಿನ್ ಆಯಿಲ್, ಕ್ಲಚ್, ಫಿಲ್ಟರ್ ಖರ್ಚು ಉಳಿದದ್ದು ಬೇರೆ.

ಅಂದರೆ ಈ ಲಾರಿ ಲಾಭ ಕೊಡಬೇಕಾದರೆ ತುಂಬಾ ಓಡಬೇಕು, ಆದರೆ ದೂರ ಓಡಬಾರದು. ಕೇಳಲು ವಿಚಿತ್ರ, ಆದರೆ ಇಂಥ ಕೆಲಸಗಳಿವೆ. ಗಣಿಯಿಂದ ಕಾರ್ಖಾನೆಗೆ, ಕ್ಲಿಂಕರ್ (ಸಿಮೆಂಟಾಗಿ ಅರೆಯುವ ಸುಟ್ಟ ಉಂಡೆ) ಘಟಕದಿಂದ ಸಿಮೆಂಟ್ ಅರೆಯುವ ಘಟಕಕ್ಕೆ, ಬಂದರಿನಿಂದ ಕಂಟೇನರ್ ಯಾರ್ಡಿಗೆ ಒಂದೇ ದಾರಿಯಲ್ಲಿ ಹಗಲೂ ರಾತ್ರಿ ಸುತ್ತುವ ಲಾರಿಗಳು. ಲೋಡಿಂಗ್ ಆಗುವಷ್ಟು ಹೊತ್ತು ಚಾರ್ಜರ್ ಚುಚ್ಚಿಟ್ಟರೆ ಮುಂದಿನ ಸುತ್ತಿಗೆ ಸಿದ್ಧ.

ಚಾರ್ಜರ್ ಎಲ್ಲಿ ನಿಲ್ಲಿಸುವುದು?

300 ಯೂನಿಟ್ ಬ್ಯಾಟರಿಯನ್ನು 240 ಕಿಲೋವ್ಯಾಟ್ ಚಾರ್ಜರ್‌ನಲ್ಲಿ ತುಂಬಿಸಲು ಒಂದೂಕಾಲು ಗಂಟೆ. ಒಂದು ಚಾರ್ಜರ್‌ನ ಎಳೆತ 3 ಕಿಲೋವ್ಯಾಟ್ ಮಂಜೂರಾತಿಯ 80 ಮನೆಗಳಿಗೆ ಸಮ. ಹತ್ತು ಲಾರಿ ಒಟ್ಟಿಗೆ ನಿಂತರೆ 2.4 ಮೆಗಾವ್ಯಾಟ್, ಒಂದು ಚಿಕ್ಕ ಊರಿನಷ್ಟು. ಅದಕ್ಕೆ ಎಚ್‌ಟಿ (ಹೈ ಟೆನ್ಶನ್) ಲೈನ್ ಎಳೆಯಬೇಕು, ಟ್ರಾನ್ಸ್‌ಫಾರ್ಮರ್ ಕೂರಿಸಬೇಕು, ಹತ್ತಿರದ ಸಬ್‌ಸ್ಟೇಷನ್‌ನಲ್ಲಿ ಅಷ್ಟು ಲೋಡು ಮಿಕ್ಕಿರಬೇಕು. ಇದಾದ ಮೇಲೆ ಬಳಸಲಿ ಬಿಡಲಿ, ಕರಾರಾದ ಲೋಡಿಗೆ ತಿಂಗಳು ತಿಂಗಳು ಡಿಮಾಂಡ್ ಚಾರ್ಜು ಕಟ್ಟಬೇಕು. ದಿನಕ್ಕೆ ಎರಡು ಲಾರಿ ಬರುವ ಕಡೆ ಇಂಥ ಚಾರ್ಜರ್ ಹಾಕಿದವರು ದರ ಏರಿಸದೆ ಬೇರೆ ದಾರಿಯಿಲ್ಲ, ದರ ಏರಿದರೆ ಮೂರನೆಯ ಲಾರಿ ಬರುವುದಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು.

ಜಾಗದ ತೊಡಕು ಇನ್ನೂ ಸರಳವಾದದ್ದು. ಈಗ ಹೆದ್ದಾರಿ ಹೋಟೆಲುಗಳ ಮುಂದೆ ಇರುವ ಚಾರ್ಜರ್‌ಗಳಲ್ಲಿ ಹೆಚ್ಚಿನವು ಕಾರಿನ ಅಳತೆಗೆ ಹಾಕಿದವು. ಕಾಂಪೌಂಡ್ ಗೋಡೆಗೆ ಮುಖ ಮಾಡಿದ ಪಾರ್ಕಿಂಗ್, ಮೇಲೆ ತಗಡಿನ ಮಾಡು, ಕೇಬಲ್ ಮೂರ್ನಾಲ್ಕು ಮೀಟರ್. ಹದಿನೈದು ಮೀಟರಿಗೂ ಉದ್ದದ ಟ್ರೈಲರ್ ಅದರೊಳಗೆ ತಿರುಗುವುದಿಲ್ಲ. ಟ್ರೈಲರನ್ನು ಎಲ್ಲೋ ಬಿಚ್ಚಿ ನಿಲ್ಲಿಸಿ, ಟ್ರ್ಯಾಕ್ಟರನ್ನಷ್ಟೇ ಒಳಗೆ ತಂದು ಚುಚ್ಚಬೇಕು. ಮಾಲಿನ ಕಾವಲಿಗೆ ಕ್ಲೀನರ್ ಹೊರಗೆ, ಚಾರ್ಜಿಗೆ ಡ್ರೈವರ್ ಒಳಗೆ.

ಯುರೋಪಿನಲ್ಲಿ ನಾಲ್ಕೂವರೆ ಗಂಟೆ ಓಡಿಸಿದ ಡ್ರೈವರ್ 45 ನಿಮಿಷ ವಿಶ್ರಾಂತಿ ತೆಗೆದುಕೊಳ್ಳಲೇಬೇಕೆಂಬ ಕಾನೂನಿದೆ. ಆ ಮುಕ್ಕಾಲು ಗಂಟೆಯೊಳಗೆ ಟ್ರಕ್ ತುಂಬಿಸಿಬಿಡಬೇಕೆಂಬ ಲೆಕ್ಕದ ಮೇಲೆಯೇ 3.75 ಮೆಗಾವ್ಯಾಟ್‌ವರೆಗೆ ಹರಿಸಬಲ್ಲ ಹೊಸ ಮೆಗಾವ್ಯಾಟ್ ಚಾರ್ಜಿಂಗ್ ವ್ಯವಸ್ಥೆ ಬಂದಿದೆ. ನಮ್ಮಲ್ಲಿ 2025ರ ನವೆಂಬರ್‌ನಲ್ಲಿ ಹೊಸ ಕಾರ್ಮಿಕ ಸಂಹಿತೆ ಬರುವವರೆಗೆ ಇದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆಯ ಮಿತಿ ಹಾಕಿತ್ತು. ಟ್ರಿಪ್ ಲೆಕ್ಕದಲ್ಲಿ ಭತ್ಯೆ ಪಡೆಯುವ ಡ್ರೈವರಿಗೆ ಆ ಮಿತಿ ಕಾಗದದ ಮೇಲೆಯೇ ಉಳಿಯಿತು. ಚಾರ್ಜಿಗೆ ನಿಂತ ಒಂದೊಂದು ಗಂಟೆಯೂ ಆತನ ಸಂಪಾದನೆಯಲ್ಲಿ ಕಡಿತ, ಭತ್ಯೆ ಕೊಡುವ ಪದ್ಧತಿ ಬದಲಾಗದಿದ್ದರೆ.

ಚೀನಾದಲ್ಲಿ ಹೇಗೆ ಸಾಧ್ಯವಾಯಿತು?

2024ರಲ್ಲಿ ಜಗತ್ತಿನಲ್ಲಿ ಮಾರಾಟವಾದ ಮಧ್ಯಮ ಮತ್ತು ಭಾರಿ ಎಲೆಕ್ಟ್ರಿಕ್ ಟ್ರಕ್‌ಗಳಲ್ಲಿ ಶೇ 80ಕ್ಕೂ ಹೆಚ್ಚು ಮಾರಿದ್ದು ಚೀನಾದಲ್ಲೇ. ಅಲ್ಲಿ ಬ್ಯಾಟರಿ ಅಗ್ಗ, ಮಾಡುವವರೂ ಅವರೇ, ಸಬ್ಸಿಡಿಯೂ ಧಾರಾಳ. ಆದರೆ ಗಮನಿಸಬೇಕಾದದ್ದು ಅವರು ಎಲ್ಲಿಂದ ಶುರು ಮಾಡಿದರು ಎಂಬುದನ್ನು: ಉಕ್ಕಿನ ಕಾರ್ಖಾನೆ, ಕಲ್ಲಿದ್ದಲು ಗಣಿ, ಬಂದರು. ಚಿಕ್ಕ ದಾರಿ, ಹೆಚ್ಚು ಸುತ್ತು. ಚಾರ್ಜಿಗೆ ಕಾಯುವ ಬದಲು ಕ್ಯಾಬಿನ್ ಹಿಂದೆ ನಿಲ್ಲಿಸಿರುವ ಬ್ಯಾಟರಿಯನ್ನೇ ಕ್ರೇನ್‌ನಲ್ಲಿ ಎತ್ತಿ ಐದಾರು ನಿಮಿಷದಲ್ಲಿ ಬದಲಿಸುವ ಸ್ವ್ಯಾಪಿಂಗ್ ಕೇಂದ್ರಗಳೂ ಹುಟ್ಟಿದ್ದು ಇಂಥ ಕಡೆಯೇ. ಅಲ್ಲಿ ಗಟ್ಟಿಯಾದ ಮೇಲೆ ನಿಧಾನಕ್ಕೆ ಹೆದ್ದಾರಿಗೆ ಬಂದರು.

ಸ್ವ್ಯಾಪಿಂಗ್‌ನ ಇನ್ನೊಂದು ಅನುಕೂಲ ಲಾರಿಯ ಬೆಲೆ ಇಳಿಯುವುದು. ಬ್ಯಾಟರಿ ಬೇರೆ ಕಂಪನಿಯದ್ದು, ಮಾಲೀಕರು ಅದಕ್ಕೆ ಬಾಡಿಗೆ ಕೊಡುತ್ತಾರೆ. ಬ್ಯಾಟರಿ ಇಲ್ಲದೆಯೇ ಎಲೆಕ್ಟ್ರಿಕ್ ವಾಹನ ಮಾರಲು, ನೋಂದಾಯಿಸಲು ನಮ್ಮ ಸಾರಿಗೆ ಸಚಿವಾಲಯ 2020ರ ಆಗಸ್ಟ್‌ನಲ್ಲೇ ಒಪ್ಪಿಗೆ ಕೊಟ್ಟಿದೆ. ತೊಡಕಿರುವುದು ಅಳತೆಯಲ್ಲಿ. ಎಲ್ಲ ಕಂಪನಿಗಳ ಬ್ಯಾಟರಿಯೂ ಒಂದೇ ಅಚ್ಚಿನದಾಗದಿದ್ದರೆ ಸ್ವ್ಯಾಪಿಂಗ್ ಕೇಂದ್ರ ಒಂದೇ ಕಂಪನಿಯ ಗಿರಾಕಿಗಳ ಮನೆ ಅಡುಗೆಯಾಗಿ ಉಳಿಯುತ್ತದೆ.

ಯಾರು ಏನು ಹೇಳುತ್ತಿದ್ದಾರೆ

ಸರ್ಕಾರದ ವಾದ: ಮೊದಲು ಸಾರ್ವಜನಿಕ ಉದ್ದಿಮೆಗಳು ಕೊಳ್ಳಲಿ, ಸಂಖ್ಯೆ ಹೆಚ್ಚಿದರೆ ಬೆಲೆ ತಾನಾಗಿ ಇಳಿಯುತ್ತದೆ. ಉಕ್ಕು ಪ್ರಾಧಿಕಾರ 'ಸೇಲ್' ಎರಡು ವರ್ಷಗಳಲ್ಲಿ 150 ಟ್ರಕ್ ಪಡೆಯಲಿದೆ ಎಂದು ಜುಲೈಯಲ್ಲೇ ಹೇಳಲಾಯಿತು. ದೆಹಲಿಯ ಗಾಳಿಗೆಂದೇ 1,100 ಟ್ರಕ್ ಮೀಸಲಿಟ್ಟಿದ್ದಾರೆ. ಎಲೆಕ್ಟ್ರಿಕ್ ವಾಣಿಜ್ಯ ವಾಹನಗಳಿಗೆ 2018ರಿಂದಲೇ ಪರ್ಮಿಟ್ ಬೇಕಿಲ್ಲ.

ಒಂದೆರಡು ಲಾರಿ ಇಟ್ಟುಕೊಂಡವರ ವಾದ ಬೇರೆ, ನಮ್ಮ ಲಾರಿ ಉದ್ಯಮದ ಬಹುಪಾಲು ಇರುವುದು ಅವರ ಕೈಯಲ್ಲೇ. ಇವತ್ತು ದಾವಣಗೆರೆಗೆ ಲೋಡು, ಅಲ್ಲಿಂದ ಸಿಕ್ಕರೆ ಪುಣೆಗೆ, ಪುಣೆಯಿಂದ ಎಲ್ಲಿಗೋ. ನಾಳೆಯ ದಾರಿ ಇವತ್ತು ಗೊತ್ತಿರುವುದಿಲ್ಲ. ಎಲ್ಲಿ ಬೇಕಾದರೂ ಹೋಗಬಲ್ಲೆ ಎಂಬುದೇ ಅವರ ಬಂಡವಾಳ, ಎಲೆಕ್ಟ್ರಿಕ್ ಲಾರಿ ಕಿತ್ತುಕೊಳ್ಳುವುದು ಅದನ್ನೇ. ಜೊತೆಗೆ ಹಳೆಯ ಲಾರಿಯೊಂದನ್ನು ಗುಜರಿಗೆ ಹಾಕಿದ ಪ್ರಮಾಣಪತ್ರ ಇಲ್ಲದೆ ಪ್ರೋತ್ಸಾಹಧನ ಸಿಗುವುದಿಲ್ಲ. ದೊಡ್ಡ ಕಂಪನಿ ಆ ಪ್ರಮಾಣಪತ್ರವನ್ನು ಮಾರುಕಟ್ಟೆಯಲ್ಲಿ ಕೊಂಡುಕೊಳ್ಳಬಹುದು. ಹಳೆಯ ಲಾರಿಯೇ ಅನ್ನವಾಗಿರುವವರು ಅದನ್ನು ಗುಜರಿಗೆ ಹಾಕಿ 60 ಲಕ್ಷದ ಹೆಚ್ಚುವರಿ ಸಾಲ ಮಾಡುತ್ತಾರೆಯೇ? 500 ಕೋಟಿಯ ಹಣ ಕೊನೆಗೆ ಸೇರುವುದು ಸಿಮೆಂಟ್, ಉಕ್ಕು, ಇ-ಕಾಮರ್ಸ್ ಕಂಪನಿಗಳಿಗೆ ಗಾಡಿ ಒದಗಿಸುವ ದೊಡ್ಡ ಗುತ್ತಿಗೆದಾರರಿಗೆ. ಹೊಗೆ ಕಡಿಮೆ ಮಾಡಬೇಕೆಂಬ ಗುರಿಗೆ ಇದರಿಂದ ಕೇಡಿಲ್ಲ. ಆದರೆ ಇದನ್ನು ಲಾರಿ ಮಾಲೀಕರಿಗೆ ಕೊಟ್ಟ ನೆರವು ಎಂದು ಕರೆಯುವುದು ಸರಿಯಲ್ಲ.

ದೂರದ ಮಾರ್ಗಕ್ಕೆ ಎಲ್‌ಎನ್‌ಜಿ (ದ್ರವೀಕೃತ ನೈಸರ್ಗಿಕ ಅನಿಲ) ಸಾಕು ಎನ್ನುವವರಿದ್ದಾರೆ, ಹೈಡ್ರೋಜನ್ ಬರುವವರೆಗೆ ಕಾಯೋಣ ಎನ್ನುವವರೂ ಇದ್ದಾರೆ. ಎಲ್‌ಎನ್‌ಜಿ ಕೂಡ ಆಮದಿನ ಇಂಧನವೇ, ಹೈಡ್ರೋಜನ್ ಟ್ರಕ್‌ಗಳು ಇನ್ನೂ ಪ್ರಾಯೋಗಿಕ ಹಂತದಲ್ಲಿವೆ. ಮೂರನೆಯ ದಾರಿಯೊಂದು ಪಶ್ಚಿಮ ಕರಾವಳಿಯಲ್ಲಿ 1999ರಿಂದಲೂ ಇದೆ, ಯಾರೂ ಅದನ್ನು ಎಲೆಕ್ಟ್ರಿಕ್ ಟ್ರಕ್ ಎಂದು ಕರೆಯುವುದಿಲ್ಲ ಅಷ್ಟೆ. ಸುರತ್ಕಲ್‌ನಲ್ಲಿ ಲಾರಿಗಳು ಕೊಂಕಣ ರೈಲ್ವೆಯ ವ್ಯಾಗನ್ ಏರುತ್ತವೆ, ಮಹಾರಾಷ್ಟ್ರದ ಕೊಲಾಡ್‌ನಲ್ಲಿ ಇಳಿಯುತ್ತವೆ. 2022ರಲ್ಲಿ ಆ ಮಾರ್ಗ ಪೂರ್ತಿ ವಿದ್ಯುದೀಕರಣವಾಯಿತು. ಡ್ರೈವರ್ ಲಾರಿಯೊಳಗೆ ಮಲಗಿರುತ್ತಾನೆ, ಲಾರಿಯನ್ನು ಕರೆಂಟು ಎಳೆಯುತ್ತಿರುತ್ತದೆ, ಬ್ಯಾಟರಿಯ ತೂಕವಿಲ್ಲದೆ.

ಹೊಗೆ ಎಲ್ಲಿಗೆ ಹೋಯಿತು?

ಒಂದು ಲೀಟರ್ ಡೀಸೆಲ್ ಉರಿದರೆ 2.7 ಕಿಲೋ ಇಂಗಾಲದ ಡೈಆಕ್ಸೈಡ್. ಲೀಟರಿಗೆ 3 ಕಿಲೋಮೀಟರ್ ಓಡುವ ಟ್ರೈಲರ್ ಕಿಲೋಮೀಟರಿಗೆ 900 ಗ್ರಾಂ ಬಿಡುತ್ತದೆ. ಕಚ್ಚಾತೈಲ ತೆಗೆದು ಶುದ್ಧೀಕರಿಸಿ ಸಾಗಿಸುವಾಗಿನ ಪಾಲು ಸೇರಿಸಿದರೆ ಒಂದು ಕಿಲೋ ದಾಟುತ್ತದೆ. ನಮ್ಮ ದೇಶದ ಗ್ರಿಡ್‌ನಲ್ಲಿ ಸರಾಸರಿ ಒಂದು ಯೂನಿಟ್‌ಗೆ 0.7 ಕಿಲೋಗೂ ಸ್ವಲ್ಪ ಹೆಚ್ಚು. ಒಂದೂವರೆ ಯೂನಿಟ್‌ಗೆ ಅದೂ ಒಂದು ಕಿಲೋ ದಾಟುತ್ತದೆ. ಅಂದರೆ ರಾತ್ರಿ ಕಲ್ಲಿದ್ದಲು ಕರೆಂಟಿನಲ್ಲಿ ಚಾರ್ಜ್ ಆದ ಭಾರಿ ಲಾರಿಗೂ ಡೀಸೆಲ್ ಲಾರಿಗೂ ಹವಾಮಾನದ ಲೆಕ್ಕದಲ್ಲಿ ಇವತ್ತು ದೊಡ್ಡ ವ್ಯತ್ಯಾಸ ಸಿಗುವುದಿಲ್ಲ. ಜಾಹೀರಾತುಗಳು ಈ ಮಾತು ಹೇಳುವುದಿಲ್ಲ.

ಹಾಗೆಂದು ವ್ಯರ್ಥವೂ ಅಲ್ಲ. ಇವತ್ತು ಕೊಂಡ ಡೀಸೆಲ್ ಲಾರಿ ಹತ್ತು ವರ್ಷದ ನಂತರವೂ ಅಷ್ಟೇ ಹೊಗೆ ಬಿಡುತ್ತದೆ, ಗ್ರಿಡ್ ಶುದ್ಧವಾದಂತೆ ಎಲೆಕ್ಟ್ರಿಕ್ ಲಾರಿ ತಾನೂ ಶುದ್ಧವಾಗುತ್ತಾ ಹೋಗುತ್ತದೆ. ಕರ್ನಾಟಕದಲ್ಲಿ ಸೌರ, ಪವನ, ಜಲ ವಿದ್ಯುತ್ತಿನ ಪಾಲು ದೊಡ್ಡದು. ಪಾವಗಡದ ಬಿಸಿಲು ಇರುವ ಹಗಲು ಹೊತ್ತಿನಲ್ಲಿ ಚಾರ್ಜ್ ಮಾಡಿದರೆ ಲೆಕ್ಕ ಈಗಲೇ ಬದಲಾಗುತ್ತದೆ. ಊರೊಳಗೆ ಕಣ್ಣಿಗೆ, ಎದೆಗೆ ತಟ್ಟುವ ಕಪ್ಪು ಹೊಗೆಯಂತೂ ಮೊದಲ ದಿನದಿಂದಲೇ ಇಲ್ಲ.

ಮುಂದೆ ಏನಾಗಬಹುದು

ಪಿಎಂ ಇ-ಡ್ರೈವ್‌ನ ಗಡುವು 2028ರ ಮಾರ್ಚ್‌ವರೆಗಿದೆ. ಅಷ್ಟರೊಳಗೆ ಎಲೆಕ್ಟ್ರಿಕ್ ಟ್ರಕ್‌ಗಳು ಹೆಚ್ಚಾಗಿ ಕಾಣಿಸುವುದು ಕಾರ್ಖಾನೆಯ ಗೇಟುಗಳಲ್ಲಿ, ಬಂದರುಗಳಲ್ಲಿ, ದೊಡ್ಡ ನಗರಗಳ ಸುತ್ತಿನ ಗೋಡೌನ್‌ಗಳಲ್ಲಿ. ಸೇಡಂ, ವಾಡಿ ಕಡೆಯ ಸಿಮೆಂಟ್ ದಾರಿಗಳು, ಸಂಡೂರಿನ ಅದಿರು ದಾರಿಗಳು ಬೆಂಗಳೂರು–ಮಂಗಳೂರು ಹೆದ್ದಾರಿಗಿಂತ ಮೊದಲು ಬದಲಾಗಬಹುದು. ಘಾಟಿ ದಾರಿಗೆ ಬ್ಯಾಟರಿ ಬರಬೇಕಾದರೆ ಹತ್ತುವ ಮೊದಲು ಉಪ್ಪಿನಂಗಡಿ–ಗುಂಡ್ಯದ ಆಸುಪಾಸಿನಲ್ಲಿ ಒಂದು, ಹತ್ತಿದ ಮೇಲೆ ಸಕಲೇಶಪುರದಲ್ಲಿ ಒಂದು ದೊಡ್ಡ ಚಾರ್ಜಿಂಗ್ ಅಥವಾ ಸ್ವ್ಯಾಪಿಂಗ್ ಯಾರ್ಡ್ ಆಗಬೇಕು, ಅದೂ ಟ್ರೈಲರ್ ಬಿಚ್ಚದೆ ನೇರ ಒಳಹೊಕ್ಕು ಹೊರಬರುವಂಥದ್ದು.

ಪ್ರಮಾಣದ ಮಾತಂತೂ ನೆನಪಿರಲಿ. ಗುರಿ ಇರುವುದು 5,600 ಟ್ರಕ್, ದೇಶದಲ್ಲಿ ವರ್ಷಕ್ಕೆ ಮಾರಾಟವಾಗುವ ಮಧ್ಯಮ ಮತ್ತು ಭಾರಿ ಟ್ರಕ್‌ಗಳ ಸಂಖ್ಯೆ ಲಕ್ಷಗಳಲ್ಲಿ.

ಇನ್ನೊಂದು ಪರೀಕ್ಷೆ ತಡವಾಗಿ ಬರಲಿದೆ. ನಮ್ಮಲ್ಲಿ ಲಾರಿಗೆ ಒಂದೇ ಜನ್ಮ ಅಲ್ಲ. ದೊಡ್ಡ ಕಂಪನಿಯಲ್ಲಿ ಐದಾರು ವರ್ಷ ದುಡಿದು, ಸೆಕೆಂಡ್ ಹ್ಯಾಂಡ್ ಯಾರ್ಡಿಗೆ ಬಂದು, ಜಿಲ್ಲೆಯ ಮಾಲೀಕರ ಕೈಗೆ, ಅಲ್ಲಿಂದ ಮರಳು–ಜಲ್ಲಿ ಹೊಡೆಯುವವರ ಕೈಗೆ ಹೋಗುತ್ತದೆ. ಬ್ಯಾಂಕು ಸಾಲ ಕೊಡುವಾಗಲೂ ಮೊದಲು ನೋಡುವುದು ಆ ಮರುಮಾರಾಟದ ಬೆಲೆಯನ್ನೇ. ಈಗ ಪ್ರೋತ್ಸಾಹಧನ ಪಡೆದು ರಸ್ತೆಗಿಳಿದ ಟ್ರಕ್‌ಗಳ ಬ್ಯಾಟರಿ ವಾರಂಟಿ 2030–31ರ ಹೊತ್ತಿಗೆ ಮುಗಿಯುತ್ತದೆ. ಆಗ ಐದು ವರ್ಷ ಹಳೆಯ ಬ್ಯಾಟರಿ ಹೊತ್ತ ಟ್ರಕ್ಕೊಂದು ಸೆಕೆಂಡ್ ಹ್ಯಾಂಡ್ ಯಾರ್ಡಿಗೆ ಬಂದು ನಿಂತಾಗ ದಲ್ಲಾಳಿ ಅದಕ್ಕೆ ಎಷ್ಟು ಬೆಲೆ ಕೂಗುತ್ತಾನೆ ಎಂಬುದನ್ನು ಬ್ಯಾಂಕುಗಳೂ, ಇವತ್ತು ದೂರ ನಿಂತಿರುವ ಸಣ್ಣ ಮಾಲೀಕರೂ ನೋಡುತ್ತಿರುತ್ತಾರೆ.